ಓರೆ

ವಾರಕ್ಕೊಮ್ಮೆ ನಲ್ಲಿ ಬರುವ ಬಳ್ಳಾರಿಯಲ್ಲಿ
ಇಪ್ಪತ್ತೈದು ಮೀಟರ್ ನೀರು ಕಾಯುವುದು ನನ್ನ ಕೆಲಸ.
ಬಂಡೆಗುಡ್ಡ ಕಾಯುವ ಮೊದಲೇ ಗೇಟು ತೆಗೆದು,
ಕ್ಲೋರಿನ್ ತೂಗಿ ಸುರಿದು, ಲೇನಿನ ಹಗ್ಗ ಬಿಗಿದು,
ಸೀಟಿ ಕೊರಳಿಗೆ.
ಈ ನೀರೂ ಹೊಳೆಯದೇ. ಕಾಲುವೆ ಹಿಡಿದು ಬಂದು
ನೀಲಿ ಟೈಲ್ಸಿನ ಮೇಲೆ ಮೈ ಚಾಚಿದೆ,
ಇನ್ನು ಎಲ್ಲಿಗೂ ಹೋಗಬೇಕಾಗಿಲ್ಲ ಅದಕ್ಕೆ.

ಕಂಪ್ಲಿಯಿಂದ ಹಂಪಮ್ಮ ಬಂದಳು, ಹದಿಮೂರು ವರ್ಷ,
ಹರಿಗೋಲಿನ ಮಾರೆಪ್ಪನ ಮಗಳು.
"ಹುಟ್ಟುಗುಣ ಸಾರ್, ಸುಟ್ರೂ ಹೋಗಲ್ಲ" ಅಂದ,
ಜೀವಮಾನವೆಲ್ಲ ಹುಟ್ಟು ಹಿಡಿದ ಕೈ ಮುಗಿದು.
ಸುಟ್ಟರೆ ಹೋಗದು, ಸರಿ.
ಕ್ಲೋರಿನ್ನಿನಲ್ಲಿ ತೊಳೆದರೆ?
ಡೈವ್ ಗೊತ್ತಿಲ್ಲ, ಎಮ್ಮೆಯ ಹಾಗೆ ಇಳಿದಳು.
ತಲೆ ಮೇಲೆ, ಕಣ್ಣು ಆಚೆ ದಡದಲ್ಲಿ.
ಐವತ್ತು ಮೀಟರಿಗೆ ಮೂವತ್ತೆಂಟು ಸೆಕೆಂಡು.
ಸ್ಟಾಪ್‌ವಾಚ್ ಅಂಗಿಗೆ ಒರೆಸಿ ಮತ್ತೆ ನೋಡಿದೆ.

ಒಂದೇ ತೊಡಕು: ಓರೆ.
ಹೋಗುವಾಗ ಎಡಕ್ಕೆ ಜಾರಿ ಹಗ್ಗಕ್ಕೆ ಭುಜ ತಾಗಿಸುವಳು,
ಬರುವಾಗ ಬಲಕ್ಕೆ.
ಬೈದೆ. ಸೀಟಿ ಊದಿದೆ. ತೋಳು ಅಳೆದೆ,
ಒಂದು ಗಿಡ್ಡವೇನೋ ಎಂದು.
ನಾಲ್ಕನೆಯ ದಿನ ಹೊಳೆಯಿತು:
ಹೋಗುವಾಗಿನ ಎಡ, ಬರುವಾಗಿನ ಬಲ,
ಎರಡೂ ಒಂದೇ ಹಗ್ಗ.
ಈ ನಿಂತ ನೀರಿನೊಳಗೆ ಅವಳು
ಅಡ್ಡ ಹರಿಯುವ ತುಂಗಭದ್ರೆಯನ್ನು ದಾಟುತ್ತಿದ್ದಳು,
ಇಲ್ಲದ ಸೆಳವಿಗೆ ಎದೆ ಕೊಟ್ಟು.

ಪಕ್ಕದ ಲೇನಿನಲ್ಲಿ ತಬಸ್ಸುಮ್.
ಅಪ್ಪ ಜೀನ್ಸಿಗೆ ಬಣ್ಣ ಹಾಕುವವನು, ಮೊಣಕೈ ತನಕ ನೀಲಿ.
ಆರನೆಯ ವಯಸ್ಸಿಗೆ ತಂದು ಬಿಟ್ಟಾಗ
ಮೂರು ವಾರ ಮೆಟ್ಟಿಲ ಕಂಬಿ ಬಿಡಲಿಲ್ಲ, ವಾಂತಿ ಮಾಡಿದಳು.
ನೀರು ಅವಳಿಗೆ ಒಲಿಯಲಿಲ್ಲ. ಮಗ್ಗಿಯಂತೆ
ಒಂದೊಂದೇ ಸಾಲು ಬಾಯಿಪಾಠವಾಯಿತು:
ಕಾಲು, ಆಮೇಲೆ ಉಸಿರು, ಆಮೇಲೆ ಮೊಣಕೈ.
ಈಗ ಗೋಡೆಗೆ ಬಂದವಳು ಮಡಚಿ ತಿರುಗುತ್ತಾಳೆ,
ಇಸ್ತ್ರಿಯ ಗೆರೆ.
ಹಂಪಮ್ಮ ಕೇಳಿದಳು, "ಹೊಳಿಯಾಗ ಗ್ವಾಡಿ ಎಲ್ಲೈತ್ರಿ?"

ಎಂಟು ತಿಂಗಳು. ತಳದ ಕಪ್ಪು ಪಟ್ಟಿ ತೋರಿಸಿ
ಅದನ್ನೇ ನೋಡು, ದಡ ನೋಡಬೇಡ ಎಂದೆ.
ಮೂವತ್ತೆಂಟು ಮೂವತ್ತೆರಡಾಯಿತು.
ನೇರ. ಹಗ್ಗ ಅಲುಗದಷ್ಟು ನೇರ.

ದಸರೆ ರಜೆಗೆ ಬಿಟ್ಟುಬರಲು ನಾನೇ ಹೋದೆ.
ಚೀಲ ಇಳಿಸದೆ ಹೊಳೆಯತ್ತ ಓಡಿ, ಚೀಲ ಅಲ್ಲೇ ಎಸೆದು
ಬಿದ್ದಳು. ತಲೆ ಒಳಗೆ, ತೋಳು ಎಣಿಸಿದ ಲೆಕ್ಕ,
ಚಂದವೆಂದರೆ ಚಂದ.
ನೀರಡಿಯಲ್ಲಿ ಇಲ್ಲದ ಪಟ್ಟಿ ಹುಡುಕುತ್ತ ಹೋಗಿ
ದಡ ಹತ್ತಿದ್ದು, ಎದುರಿನ ಜಾಲಿಗಿಡದಿಂದ
ಎರಡು ಗದ್ದೆ ಕೆಳಗೆ, ಯಾರದೋ ಪಂಪ್‌ಸೆಟ್ಟಿನ ಬಳಿ.
ಮಾರೆಪ್ಪ ಹುಟ್ಟು ಊರಿ ನಿಂತು ನೋಡಿದ.
"ಎರ್ರಿಸ್ವಾಮಿ ಸಾರ್, ಹುಡುಗಿ ಭಾಳ ಜೋರಾಗ್ಯಾಳ."
ಆಮೇಲೆ ಹರಿಗೋಲಿನ ಹಗ್ಗ ಬಿಚ್ಚುತ್ತ,
"ತಡೀರಿ, ಕರಕೊಂಡು ಬರ್ತೀನಿ."

ಡಿಸೆಂಬರಿನಲ್ಲಿ ಜಿಲ್ಲಾ ಪಂದ್ಯ. ತಬಸ್ಸುಮ್ ಮೊದಲು.
ಹಂಪಮ್ಮ, ಕೊನೆಯ ಹತ್ತು ಮೀಟರಿಗೆ ಉಸಿರು ಸೋತಾಗ,
ತಲೆ ಎತ್ತಿದಳು. ಜಾರಿದಳು. ಅದೇ ಹಗ್ಗ.
ಮೂರನೆಯ ಸ್ಥಾನ.
ಡೈರಿಯಲ್ಲಿ ಬರೆದೆ: ೩೩.೧. ಓರೆ.
ಪಕ್ಕದಲ್ಲಿ "ತಿದ್ದಬೇಕು" ಎನ್ನಲು ಪೆನ್ನು ಊರಿದವನು
ಶಾಯಿಯ ಚುಕ್ಕೆ ದೊಡ್ಡದಾಗುವ ತನಕ
ಹಾಗೇ ಕೂತಿದ್ದೆ.