ಕಂಬ

ಹಳೇ ರಿಜಿಸ್ಟರಿನ ಆ ಸಾಲು ನನ್ನ ಕೈಬರಹದ್ದೇ:
ಹುಲಿಗೆಮ್ಮ, ತಂದೆ ದುರುಗಪ್ಪ, ಒಂದನೇ ವರ್ಷ,
ಖೋಖೋ ಬೂಟು ಒಂದು ಜೊತೆ, ಸೈಜು ಆರು.
ಐದು ಕೇಳಿದ್ದಳು. ಇರಲಿಲ್ಲ.
ಮುಂದಕ್ಕೆ ಬಟ್ಟೆ ತುರುಕಿಕೋ ತಾಯಿ, ಅಂದೆ.
ಬಟ್ಟೆಗೇನು ಬರ, ಕೌಲ್ ಬಜಾರಿನ ಹುಡುಗಿ,
ಅವರವ್ವ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದಳು,
ದಿನಕ್ಕೆ ಇನ್ನೂರು ಜೇಬು, ಒಂದರಲ್ಲೂ ಕಾಸಿಲ್ಲ.

ಸ್ಟೋರ್ ರೂಮಿನ ಕಿಟಕಿಗೆ ಅರ್ಧ ಮೈದಾನ ಮಾತ್ರ ಕಾಣುತ್ತದೆ.
ಕಂಬದ ತನಕ ಓಡಿ ಬಂದವಳು
ಇಡೀ ಮೈಯ ಭಾರ ಒಂದು ಅಂಗೈಗೆ ಕೊಟ್ಟು
ಗಿರ್ರನೆ ತಿರುಗಿ, ಬೆನ್ನಟ್ಟಿದವಳ ಬೆರಳಿಗೆ
ಬರೀ ಗಾಳಿ ಬಿಟ್ಟು ಹೋಗುತ್ತಿದ್ದಳು
ಕಿಟಕಿಯ ಆಚೆಗೆ. ಔಟಾದಳೋ ಉಳಿದಳೋ
ಸೀಟಿಯ ಸದ್ದಿನಿಂದ ತಿಳಿಯಬೇಕು ನಾನು.

ಎರಡನೇ ವರ್ಷ ಹ್ಯಾಂಡ್‌ಬಾಲ್.
ಗೋಲಿಗೆ ನಿಲ್ಲಲು ಯಾರೂ ಒಪ್ಪಲಿಲ್ಲವಂತೆ,
ಚೆಂಡು ನೇರ ಮುಖಕ್ಕೆ, ಮದುವೆಯಾಗಬೇಕಾದ ಮೂಗು.
ಇವಳು ನಿಂತಳು.
ಅದೇ ವರ್ಷ ಈಟಿ. ಸೈನು ಮಾಡಿ
ಬಾಗಿಲಿಗೆ ಓರೆ ಹಿಡಿದು ಒಯ್ದಳು,
ಸಂಜೆ ತಂದಾಗ ತುದಿಗೆ ಕೆಂಪು ಮಣ್ಣು.
ಒರೆಸಿ ಕೊಡಬೇಕು, ಅಂದೆ. ದುಪಟ್ಟಾದಿಂದ ಒರೆಸಿದಳು.
ಆಮೇಲೆ ಕ್ರಾಸ್‌ಕಂಟ್ರಿ. ಆಮೇಲೆ
ಯಾರಿಗೋ ಜ್ವರ ಬಂತೆಂದು ಕಬಡ್ಡಿ.

ಮೇಷ್ಟ್ರು ಬೈಯುತ್ತಿದ್ದರು:
"ಹತ್ತು ಬಾವಿ ತೋಡಬ್ಯಾಡಬೇ,
ಒಂದೇ ತೋಡು, ನೀರು ಬರತೈತಿ."
ಲೇಸು ಕಟ್ಟುತ್ತ, ತಲೆ ಎತ್ತದೆ ಅಂದಳು:
"ಒಂದೊಂದು ಕ್ಯಾಂಪಿಗೂ ಹತ್ತು ದಿನದ ಊಟ ಐತ್ರಿ ಸರ್."
ಆ ಬಾವಿಯ ಮಾತು ಮೇಷ್ಟ್ರು ಮತ್ತೆ ಯಾರಿಗೂ ಹೇಳಲಿಲ್ಲ.

ಕೊನೆಯ ವರ್ಷ ಒಂದೇ ತಾರೀಖಿಗೆ ಎರಡು ಊರು ಕರೆದವು.
ಬಳ್ಳಾರಿ ಸ್ಟೇಷನ್ನು, ರಾತ್ರಿ;
ಈಟಿಯವರು ಹುಬ್ಬಳ್ಳಿ ಕಡೆಗೆ,
ಹ್ಯಾಂಡ್‌ಬಾಲಿನವರು ಗುಂತಕಲ್ ಕಡೆಗೆ.
ಚೀಲ ಮಧ್ಯದಲ್ಲಿಟ್ಟು ಅದರ ಮೇಲೇ ಕೂತಿದ್ದಳು.
"ಈಟಿ ನನ್ನೊಬ್ಬಳದು. ಗೋಲು ಹದಿನಾಲ್ಕು ಜನರದು"
ಅಂದು ಗುಂತಕಲ್ ರೈಲು ಹತ್ತಿದಳು.
ಮೊದಲ ಸುತ್ತಿಗೇ ಸೋತು ಬಂದರು.
ಈಟಿಯಲ್ಲಿ ಕಂಚು ಗೆದ್ದ ದೂರ ಪೇಪರಿನಲ್ಲಿ ಬಂತು.
ಅದಕ್ಕಿಂತ ಒಂದು ಮೊಳ ಮುಂದೆ ನಮ್ಮ ಮೈದಾನದಲ್ಲಿ
ಇವಳು ಎಸೆದ ದಿನ ಟೇಪು ಹಿಡಿದವನು ನಾನು.
ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ.
ಪೇಪರು ಮಡಚಿ ಬೂಟಿನ ಮುಂದಕ್ಕೆ ತುರುಕಿದಳು.

ಹೋಗುವಾಗ ಎಲ್ಲ ವಾಪಸು ಕೊಟ್ಟಳು,
ಜೆರ್ಸಿ ಐದು, ಮೊಣಕಾಲ ಪಟ್ಟಿ, ಒಡೆದ ಚೆಂಡು ಸಹ.
ಬೂಟಿನ ಮುಂದೆ ಮಾತ್ರ ನಾನು
"ಹರಿದಿದೆ, ರದ್ದು" ಅಂತ ಬರೆದು ಅವಳ ಕಡೆ ತಳ್ಳಿದೆ.
ಹರಿದಿರಲಿಲ್ಲ.
ಮೂವತ್ತೊಂದು ವರ್ಷದ ನೌಕರಿಯಲ್ಲಿ ಅದೊಂದೇ ಸುಳ್ಳು ಲೆಕ್ಕ,
ಆಡಿಟ್‌ನವರಿಗೂ ಸಿಕ್ಕಿಲ್ಲ.

ಜೆಸ್ಕಾಂ ಪರೀಕ್ಷೆಗೆ ಹೋದಳೆಂದು ಯಾರೋ ಅಂದರು.
ಕಂಬ ಹತ್ತು, ನೂರು ಮೀಟರು ಓಡು,
ಗುಂಡು ಎಸೆ, ಹಗ್ಗ ಜಿಗಿ, ಮತ್ತೆ ಎಂಟುನೂರು ಓಡು.
ನಕ್ಕೆ ನಾನು. ಹತ್ತು ಬಾವಿಯ ನೀರು
ಕಡೆಗೂ ಒಂದು ಕಡೆ ಕೇಳಿದ್ದರು.

ಮೊನ್ನೆ, ಮೇ ತಿಂಗಳ ರಾತ್ರಿ,
ಟ್ರಾನ್ಸ್‌ಫಾರ್ಮರ್ ಢಮ್ ಅಂದು ಓಣಿಯೆಲ್ಲ ಬೀದಿಗೆ ಬಿತ್ತು.
ಗುಡ್ಡದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು
ಇನ್ನೂ ಉಸಿರು ಬಿಡುತ್ತಿತ್ತು.
ಹೆಲ್ಮೆಟ್ ಹಾಕಿದ ಯಾರೋ ಕಂಬ ಏರುತ್ತಿದ್ದರು.
ತಂತಿಯ ಆ ಬದಿಗೆ ಹೋಗಬೇಕಿತ್ತೇನೋ,
ಒಂದು ಅಂಗೈ ಊರಿ, ಮೈ ಹಗುರ ಮಾಡಿ, ಗಿರ್ರನೆ—

ಟಾರ್ಚು ಎತ್ತಿದೆ.
"ಯಾರದು, ಕಣ್ಣಿಗೆ ಬಿಡಬ್ಯಾಡ್ರೀ!" ಅಂತ ಮೇಲಿಂದ ಬೈಗುಳ.
ಇಳಿಸಿದೆ ಬೆಳಕನ್ನು, ಅವಳ ಕಾಲಿನ ತನಕ.
ಇಲಾಖೆಯ ಬೂಟು. ಸೈಜು ಕಾಣಲಿಲ್ಲ.

ಕರೆಂಟು ಬಂತು. ಹೋ ಅಂದವು ಮಕ್ಕಳು,
ಜನ ಫ್ಯಾನಿನ ಕೆಳಗೆ ಓಡಿದರು,
ಮೇಲೆ ಯಾರಿದ್ದರೆಂದು ಒಬ್ಬರೂ ನೋಡಲಿಲ್ಲ.
ಇಳಿದವಳು ಬೈಕು ಒದ್ದು ಮುಂದಿನ ದೂರಿಗೆ ಹೊರಟಳು.

ಯಾರ‍್ರೀ ಅದು, ಅಂದಳು ಬಾಗಿಲಲ್ಲಿ ನಿಂತ ನನ್ನಾಕೆ.
ನಮ್ಮ ಯೂನಿವರ್ಸಿಟಿ ಟೀಮು, ಅಂದೆ.