ಎರಡೋ ಮೂರೋ

ಹೈಡ್ರೋಜನ್ ಸಿಲಿಂಡರು ಸಂಪಾಜೆಯ ಆಚೆಯೇ ನಿಂತಿತು.
ಕುಸಿದ ಗುಡ್ಡದ ಮಣ್ಣು ತೆಗೆಯಲು ನಾಲ್ಕು ದಿನವಂತೆ,
ಚಹಾ ಹೀರುತ್ತ ಹೀರುತ್ತ ಡ್ರೈವರು ಫೋನಿನಲ್ಲಿ ಹೇಳಿದ.

ಇಲ್ಲಿ, ಚಿಕ್ಕ ಅಳುವಾರದ ಕೋಣೆಯಲ್ಲಿ, ಬಿಲ್ಲೆಗಳು ಕಾದಿವೆ:
ಲ್ಯಾಂಥನಂ ಫಾಸ್ಫೇಟಿನ ಬಿಳಿ ಹಿಟ್ಟು,
ಚಿಟಿಕೆ ಸ್ಟ್ರಾನ್ಷಿಯಂ, ನೂರಕ್ಕೆ ಒಂದು ಪಾಲು ಯುರೋಪಿಯಂ.
ಅಚ್ಚಿನಿಂದ ಈಚೆ ಬಿದ್ದಾಗ
ಪೆಪ್ಪರ್‌ಮಿಂಟೆಂದು ಗುಮಾಸ್ತರು ಕೈಚಾಚಿದ್ದರು.

ಕುಲುಮೆ ಕಾಯುವ ಐರಿ ಮೊಣ್ಣಯ್ಯ ಕೇಳಿದ:
"ಗಾಳಿಯಲ್ಲೇ ಸುಟ್ಟರೆ ಕೆಡುತ್ತದಾ ಟೀಚರೇ?"
ಕೆಡುವುದಿಲ್ಲ. ಮೂರು ಕಳೆದುಕೊಂಡದ್ದು ಮೂರು ಕಳೆದುಕೊಂಡೇ ಇರುತ್ತದೆ.
ನಮಗೆ ಒಂದು ವಾಪಸು ಬರಬೇಕು.
"ಒಂದು ಏನು?"
ಎಲೆಕ್ಟ್ರಾನು.
ಪಕ್ಕದ ಮನೆಯ ಪಾಲುಪಟ್ಟಿ ಕೇಳಿದವನಂತೆ
ಮೆಲ್ಲಗೆ ತಲೆಯಾಡಿಸಿದ.

ಅವನಜ್ಜ ಒಡಿಕತ್ತಿ ಬಡಿದವನು.
ಕಿತ್ತಳೆ ಸಿಪ್ಪೆಯ ಬಣ್ಣಕ್ಕೆ ಬಂದರೆ ಬಡಿ,
ಒಳಗಿನ ನಾರಿನ ಬಣ್ಣಕ್ಕೆ ಹೋದರೆ ಬಿಡು, ಕೆಟ್ಟಿತು.
ಹಗಲು ಬಣ್ಣದ ಮೇಲೆ ಸುಳ್ಳು ಹೇಳುತ್ತದೆಂದು
ಕಿಟಕಿಗೆ ಗೋಣಿ ಕಟ್ಟುತ್ತಿದ್ದನಂತೆ.
ನಾವೂ ಕಟ್ಟಿದ್ದೇವೆ ಕಪ್ಪು ಬಟ್ಟೆ, ಯಂತ್ರದ ಸುತ್ತ.

ಮರುದಿನ ಕೈಲ್‌ಪೊಳ್ದ್, ರಜೆ.
ಆದರೂ ಬಂದ. ಕುಲುಮೆಯ ಹಿಡಿಗೆ ತೋಕ್‌ಪೂ ಸಿಕ್ಕಿಸಿ
ಮೂಸೆಯನ್ನು ದೊಡ್ಡ ಮೂಸೆಯೊಳಗಿಟ್ಟು
ನಡುವಿನ ಸಂದಿಗೆ ಗೆರಟೆಯ ಇದ್ದಲು ತುಂಬಿ
ಮುಚ್ಚಳಕ್ಕೆ ಮಣ್ಣು ಮೆತ್ತಿದ.
ನನ್ನನ್ನು ಕೇಳಲಿಲ್ಲ.
ಗದರಿದರೆ ಅಂದದ್ದು ಇಷ್ಟೇ: "ಅದರ ಉಸಿರು ಕಟ್ಟಿದ್ದೇನೆ."
ನಾನು ಪುಸ್ತಕದಲ್ಲಿ ಬರೆದೆ: ಹಾಳು.

ಇರಲಿ ಎಂದು, ಬಿಸಾಡುವ ಮೊದಲು,
ನೇರಳಾತೀತ ದೀಪ ಹಿಡಿದೆ.

ನೀಲಿ.

ಬಿಲ್ಲೆಗೆ ಬಿಲ್ಲೆಯೇ ನೀಲಿ. ಮಣ್ಣು ಬಿರಿದ ಕಡೆ ಮಾತ್ರ
ಉಗುರು ಕತ್ತರಿಸಿದಷ್ಟು ಕೆಂಪು ಅಂಚು.
ಯಂತ್ರ ಗೀಚಿತು:
ಐನೂರ ತೊಂಬತ್ತೆರಡರಲ್ಲಿ, ಆರುನೂರ ಹನ್ನೆರಡರಲ್ಲಿ
ಸೂಜಿಯಂಥ ಕೆಂಪು, ಅದು ಮೂರರ ಮಾತು.
ಈಚೆಗೆ, ದೂರದಿಂದ ಕಂಡ ತಡಿಯಂಡಮೋಳಿನಂತೆ
ಅಗಲಕ್ಕೆ ಮಲಗಿದ ನೀಲಿ ಉಬ್ಬು, ಅದು ಎರಡರದು.
ಹೆಸರು ಕೇಳಿದರೆ ಇಬ್ಬರೂ ಯುರೋಪಿಯಂ,
ಕೋಷ್ಟಕದಲ್ಲಿ ಒಂದೇ ಮನೆ.
ಎಷ್ಟು ಹೋಯಿತು ಎಂದು ಕೇಳಬೇಕು,
ಅದೂ ಕತ್ತಲಲ್ಲಿ.

ಮೊಣ್ಣಯ್ಯ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಬಹಳ ಹೊತ್ತು ನೋಡಿದ.
"ವಾಪಸು ಬಂದದ್ದು ಅದು ಕಳೆದುಕೊಂಡದ್ದೇನಾ, ಬೇರೆಯವರದ್ದಾ?"

ಗುರುತಿಲ್ಲ ಮೊಣ್ಣಯ್ಯ. ಎಲ್ಲ ಎಲೆಕ್ಟ್ರಾನೂ ಒಂದೇ ಥರ,
ಕಿವಿ ಚುಚ್ಚಿಲ್ಲ, ಬರೆ ಹಾಕಿಲ್ಲ.
"ಹಾಗಾದರೆ ಅದಕ್ಕೆ ಗೊತ್ತಾಗುವುದಿಲ್ಲ,"
ಅಂದ, ಬಟ್ಟೆಯೊಳಗಿಂದಲೇ.
ನಾನು ಏನೂ ಹೇಳಲಿಲ್ಲ. ಹೇಳಬಹುದಿತ್ತು,
ಸಮೀಕರಣವಿದೆ ಅದಕ್ಕೆ.

ಈಗ ವಿಧಾನದ ಪುಟ ತುಂಬಬೇಕು.
ಇದ್ದಲು. ಪೂರೈಕೆದಾರರು: ಮೊಣ್ಣಯ್ಯನ ಅಡುಗೆಮನೆ.
ಶುದ್ಧತೆ: ಗೊತ್ತಿಲ್ಲ.
ಹಾಳು ಎಂದು ಬರೆದ ಪದ ಹೊಡೆದುಹಾಕಿದೆ,
ಅಳಿಸುವಂತಿಲ್ಲ, ನಿಯಮ. ಗೆರೆಯ ಕೆಳಗೆ ಇನ್ನೂ ಓದಬಹುದು.

ಐದನೆಯ ದಿನ ಸಿಲಿಂಡರು ಬಂತು.
ಸಹಿ ಹಾಕಿ, ಮೂಲೆಗೆ ಉರುಳಿಸಿ, ಸರಪಳಿ ಬಿಗಿದ.
ಕುಲುಮೆಯ ಹಿಡಿಯಲ್ಲಿ ತೋಕ್‌ಪೂ
ಕೆಂಪೂ ಅಲ್ಲದ ಹಳದಿಯೂ ಅಲ್ಲದ ಯಾವುದೋ ಬಣ್ಣಕ್ಕೆ ಒಣಗಿದೆ.
ತೆಗೆಯಬೇಡಿ, ಅಂದಿದ್ದಾನೆ.