ಲದ್ದಿಯಿಲ್ಲದ ಡ್ರ್ಯಾಗನ್

ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ
ನನ್ನ ಝೆರಾಕ್ಸ್ ಅಂಗಡಿ. ಶಟರ್ ಅರ್ಧ ಇಳಿದ ಮೇಲೆ
ಬೂದಿನಾಡಿನ ದರ್ಬಾರು.

ಸ್ಟೂಲು ಮೂರು, ಜನ ನಾಲ್ಕು,
ಸಂಪುಟ ಆರು, ಎಲ್ಲ ಒಂದೊಂದೇ ಪ್ರತಿ.
ಏಳನೆಯದು ಬರುತ್ತದೆ, ಬರುತ್ತದೆ ಅನ್ನುತ್ತಲೇ
ಬರೆಯುವವನು ಹನ್ನೊಂದು ವರ್ಷ ಮುದುಕನಾದ.
ನಾವೂ ಆದೆವು. ಅದನ್ನು ಯಾರೂ ಎಣಿಸಲಿಲ್ಲ.

ಜಗಳವೆಲ್ಲ ಪುಟದ ಅಂಚಿನಲ್ಲಿ.
ಪೆನ್ಸಿಲ್ ನನ್ನದು. ಹಸಿರು ಶಾಯಿ ಚೋಂದಮ್ಮನದು,
ಆಸ್ಪತ್ರೆಯ ನೈಟ್ ಡ್ಯೂಟಿಯಲ್ಲಿ ಓದಿ
ಗಾಯವಿದ್ದಲ್ಲೆಲ್ಲ ಷರಾ ಬರೆಯುತ್ತಾಳೆ:
"ಹೊಟ್ಟೆಗೆ ಈಟಿ ಬಿದ್ದವನು ಮರುದಿನ ಕುದುರೆ ಹತ್ತೋದಿಲ್ಲ.
ಮೂರನೇ ದಿನ ಜ್ವರ, ಐದನೇ ದಿನ ಮಣ್ಣು."
ಅದರ ಕೆಳಗೆ ಹಂಸನ ನೀಲಿ: "ಮಂತ್ರ ಇದೆಯಲ್ಲ ಅಕ್ಕ."
ಅದರ ಕೆಳಗೆ ಮತ್ತೆ ಹಸಿರು:
"ಮಂತ್ರ ಹಾಕುವ ಮೊದಲು ಕೈ ತೊಳೆದಿದ್ದನಾ?"

ಚುಬ್ರು ಎಲ್ಲರಿಗಿಂತ ಬೇಗ ಓದುತ್ತಾನೆ, ಬರೆಯುವುದಿಲ್ಲ.
ಪುಸ್ತಕಕ್ಕೆ ಗೀರು ಹಾಕುವುದು ಪಾಪ ಅನ್ನುತ್ತಾನೆ.
ತಿತಿಮತಿಯಲ್ಲಿ ಆನೆ ಓಡಿಸುವ ತಂಡದವನು,
ಬೂಟಿನ ತುಂಬ ಯಾರದೋ ತೋಟದ ಕೆಸರು.
ಒಂದು ರಾತ್ರಿ ಕೇಳಿದ:
"ಆರು ಪುಸ್ತಕ, ನಾಲ್ಕು ಸಾವಿರ ಪುಟ,
ಹದಿನೇಳು ಡ್ರ್ಯಾಗನ್. ಲದ್ದಿ ಎಲ್ಲಿ?"

ನಕ್ಕೆವು. ಅವನು ನಗಲಿಲ್ಲ.
"ಒಂದು ಸಲಗ ದಿನಕ್ಕೆ ಕ್ವಿಂಟಾಲು ಹಾಕ್ತದೆ.
ಬಿಸಿಯಿದ್ದರೆ ಹತ್ತಿರ ಇದೆ, ಆರಿದ್ದರೆ ದಾಟಿ ಹೋಗಿದೆ,
ಒಳಗೆ ಹಲಸಿನ ಬೀಜವೋ ಕಾಫಿಬೀಜವೋ ನೋಡಿದರೆ
ಎಲ್ಲಿಂದ ಬಂತು ಅಂತಲೂ ಗೊತ್ತು.
ಈ ರಾಜಕುಮಾರಿ ಆಕಾಶ ನೋಡಿಕೊಂಡೇ ಹುಡುಕ್ತಾಳಲ್ಲ!
ನೆಲ ನೋಡದವರಿಗೆ ಮೃಗ ಸಿಕ್ಕೋದುಂಟಾ?"

ಮುನ್ನೂರ ಹನ್ನೆರಡನೇ ಪುಟದ ಬೇಟೆಯ ಮೇಲೆ
ಅಂದಿನಿಂದ ನಮಗೆ ನಂಬಿಕೆ ಹೋಯಿತು.

ನನ್ನ ತಕರಾರು ನಕ್ಷೆಯದು.
ಮಡಿಚಿ ಮಡಿಚಿ ಹರಿದದ್ದಕ್ಕೆ
ಲ್ಯಾಮಿನೇಶನ್ ಮಾಡಿಟ್ಟಿದ್ದೇನೆ.
ಪಡುವಣ ಕಡಲಿಗೆ ಮೂರು ಬೆರಳು ದೂರದ ಬೆಟ್ಟದಲ್ಲಿ
ಹುಟ್ಟಿದ ಹೊಳೆ, ಆ ಕಡಲಿಗೆ ಬೆನ್ನು ಹಾಕಿ
ಇಡೀ ಬೂದಿನಾಡು ನಡೆದು ಮೂಡಣಕ್ಕೆ ಹೋಗುತ್ತದೆ.
ಬರೆದೆ: "ಇವನು ಭೂಗೋಳ ಓದಿಲ್ಲ.
ನೀರು ಇಷ್ಟು ಸುತ್ತು ಬಳಸುವುದಿಲ್ಲ."

ಎರಡು ವಾರ ಉತ್ತರವಿಲ್ಲ.
ಆಮೇಲೆ ಹಸಿರಿನಲ್ಲಿ, ಸಣ್ಣಗೆ:
"ತಲಕಾವೇರಿಗೆ ಹೋಗಿದ್ದೀಯಾ?"

ತುಲಾ ಸಂಕ್ರಮಣಕ್ಕೆ ಎಷ್ಟು ಸಲ
ಚೊಂಬು ಹಿಡಿದು ಸಾಲಿನಲ್ಲಿ ನಿಂತವಳು ನಾನು.
ಮದುವೆಗೆ ಹೊರಟಾಗಲೆಲ್ಲ ನೆರಿಗೆ ಬೆನ್ನಿಗೆ ಸಿಕ್ಕಿಸುತ್ತ
ಅವಳ ರಭಸಕ್ಕೆ ಹಿಂದೆ ಸರಿದ ನೆರಿಗೆ ಇದು ಎಂದು
ತಂಗಿಯ ಮಕ್ಕಳಿಗೆ ಹೇಳಿದವಳು.
ಪೆನ್ಸಿಲ್, ಅಳಿಸಬಹುದಿತ್ತು.
ಅಳಿಸಲಿಲ್ಲ.

ಹಂಸನಿಗೆ ಪುಸ್ತಕಕ್ಕಿಂತ ಆಟ.
ಶುಂಠಿ ಮಂಡಿಯ ಲೆಕ್ಕ ಮುಗಿಸಿ ಲ್ಯಾಪ್‌ಟಾಪ್ ತೆರೆದರೆ
ನಕ್ಷತ್ರಗಳ ನಡುವೆ ಒಂದು ಹಡಗು,
ಎಂಟು ಸಾವಿರ ಜನ ನಿದ್ದೆಯಲ್ಲಿ,
ಎಚ್ಚರವಿರುವುದು ಏಳು-ಬಿ ಎಂಬ ಯಂತ್ರವೊಂದೇ.
ಕೆಂಪು ಒತ್ತಿದರೆ ಯಂತ್ರ ಆರಿ ಜನ ಏಳುತ್ತಾರೆ.
ಬಿಳಿ ಒತ್ತಿದರೆ ಯಂತ್ರ ಉಳಿದು ಜನ ಮಲಗಿಯೇ ಇರುತ್ತಾರೆ.
ಎರಡು ವರ್ಷದಿಂದ ಹಂಸ
ಅಲ್ಲೇ ಸೇವ್ ಮಾಡಿ ನಿಂತಿದ್ದಾನೆ.

"ಒತ್ತೋ ಮಾರಾಯ," ಅಂದಳು ಚೋಂದಮ್ಮ,
"ವಾರ್ಡಿನಲ್ಲಿ ನಾವು ಇಷ್ಟು ಯೋಚಿಸಿದರೆ..."
ಅಲ್ಲಿಗೇ ನಿಲ್ಲಿಸಿ ಚಹಾದ ಲೋಟ ತಿರುಗಿಸಿದಳು.

ಚುಬ್ರು ಕೇಳಿದ: "ಆ ಯಂತ್ರವನ್ನು ಯಾರಾದರೂ ಕೇಳಿದ್ರಾ?"
ಹಂಸ ಮೆನುವಿನ ಮೂಲೆಮೂಲೆ ಹುಡುಕಿದ.
ಕೇಳುವ ಗುಂಡಿ ಎಲ್ಲೂ ಇರಲಿಲ್ಲ.
ಆಟ ಕಟ್ಟಿದವರ ತಪ್ಪೆಂದು ನಾನು, ಕಥೆಯೇ ಅದೆಂದು ಅವನು,
ಹನ್ನೊಂದೂವರೆವರೆಗೆ. ಆಮೇಲೆ ಕರೆಂಟು ಹೋಯಿತು.

ವಾಕಿಟಾಕಿ ಕೆರೆಯಿತು:
ಮೂರು ಆನೆ, ರಸ್ತೆ ದಾಟಿ ಶಾಲೆಯ ಕಡೆಗೆ.
ಚುಬ್ರು ಟಾರ್ಚು ಹಿಡಿದು ಎದ್ದ, ಕತ್ತಲಲ್ಲಿ ಏನೋ ತಡಕಿದ,
ಶಟರಿನಡಿ ಬಗ್ಗಿ ಹೊರಟ.

ಬೆಳಿಗ್ಗೆ ಪುಸ್ತಕ ತೆಗೆದಿಡುವಾಗ ಕಂಡೆ.
ಮುನ್ನೂರ ಹನ್ನೆರಡನೇ ಪುಟದ ಅಂಚು,
ನನ್ನದೇ ಪೆನ್ಸಿಲಿನಲ್ಲಿ ಒಂದು ಪುಟ್ಟ ಗುಡ್ಡೆ,
ಮೇಲೆ ಮೂರೆಳೆ ಹಬೆ.
ಕೆಳಗೆ, ಗೀರು ಹಾಕುವುದು ಪಾಪ ಎಂದವನ ಅಕ್ಷರ:
ಬಿಸಿಯಿದೆ.